ಬೆಟ್ಟದ ನೇಗಿಲು, ಕೈಯ ಅಳತೆ

ಚಿಪ್ಕೊ ಚಳವಳಿಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಹಿಮಾಲಯದ ಹೆಂಗಸರು ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದ ಕಥೆ ಪಠ್ಯಪುಸ್ತಕಗಳಿಗೂ ಬಂದಿದೆ. ಅದರ ಕಿಡಿ ಸಹ್ಯಾದ್ರಿಗೂ ಹಾರಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಆ ಚಳವಳಿಗೆ ‘ಅಪ್ಪಿಕೊ’ ಎಂಬ ಅಚ್ಚಗನ್ನಡದ ಹೆಸರೇ ನಿಂತಿತು. ಇಷ್ಟು ಎಲ್ಲರಿಗೂ ತಿಳಿದದ್ದು. ಆದರೆ ಚಿಪ್ಕೊ ಮೊದಲಾದದ್ದು ಯಾವ ಮರಕ್ಕಾಗಿ, ಆ ಮರ ಯಾತಕ್ಕೆ ಬೇಕಾಗಿತ್ತು ಎಂದು ಕೇಳಿದರೆ ಉತ್ತರ ಹೇಳುವವರು ಕಡಮೆ. ಆ ಮರ ಬೇಕಾಗಿದ್ದದ್ದು ಬೇಸಾಯದ ಉಪಕರಣಗಳಿಗೆ: ನೇಗಿಲಿಗೆ, ನೊಗಕ್ಕೆ, ಗುದ್ದಲಿಯ ಕಾವಿಗೆ.

ಆ ಸಂಗತಿ ನಡೆದದ್ದು ಹೀಗೆ. ಗಢವಾಲದ ಚಮೋಲಿ ಜಿಲ್ಲೆಯ ಗೋಪೇಶ್ವರದಲ್ಲಿ ಚಂಡೀಪ್ರಸಾದ ಭಟ್ಟರು 1964ರಲ್ಲಿ ದಶೋಲಿ ಗ್ರಾಮ ಸ್ವರಾಜ್ಯ ಸಂಘವನ್ನು ಕಟ್ಟಿದರು. ಕಾಡಿನ ಉತ್ಪನ್ನಗಳಿಂದ ಅಲ್ಲಿಯ ಜನಕ್ಕೆ ಅಲ್ಲಿಯೇ ಕೆಲಸ ದೊರೆಯಬೇಕೆಂಬುದು ಅವರ ಉದ್ದೇಶ. ಸಂಘ ಮೊದಲು ಕೈಹಾಕಿದ ಕೆಲಸಗಳಲ್ಲಿ ಒಂದು, ಊರಿನ ರೈತರಿಗೆ ಬೇಸಾಯದ ಉಪಕರಣಗಳನ್ನು ಮಾಡಿಕೊಡುವ ಒಂದು ಸಣ್ಣ ಕಾರ್ಯಾಗಾರ. ಅದಕ್ಕೆ ಬೇಕಾದದ್ದು ಆಶ್ ಜಾತಿಯ ಮರ. ಅಲ್ಲಿಯ ಜನ ಅದನ್ನು ‘ಅಂಗು’ ಎನ್ನುತ್ತಾರೆ. ಹಗುರವಾಗಿಯೂ ಗಟ್ಟಿಯಾಗಿಯೂ ಇರುವ, ಪೆಟ್ಟು ತಿಂದರೆ ಸೀಳದೆ ಬಾಗಿ ತಾಳಿಕೊಳ್ಳುವ ಮರ ಅದು. 1973ರಲ್ಲಿ ಸಂಘವು ಎಂದಿನಂತೆ ಕೆಲವು ಅಂಗು ಮರಗಳನ್ನು ಕೇಳಿದಾಗ ಅರಣ್ಯ ಇಲಾಖೆ ಇಲ್ಲವೆಂದಿತು. ಅದೇ ಕಾಡಿನ ಅದೇ ಜಾತಿಯ ಮರಗಳನ್ನು ಅಲಹಾಬಾದಿನ ಸೈಮಂಡ್ಸ್ ಎಂಬ ಕಂಪೆನಿಗೆ ಕೊಟ್ಟಿತು. ಕಂಪೆನಿ ಮಾಡುತ್ತಿದ್ದದ್ದು ಆಟದ ಸಾಮಾನು.

ಟೆನಿಸ್ ಬ್ಯಾಟಿಗೆ ಮರ ಉಂಟು, ನೊಗಕ್ಕೆ ಇಲ್ಲ ಎಂಬ ಈ ತೀರ್ಮಾನವನ್ನು ಬೆಟ್ಟದ ಜನ ಒಪ್ಪಲಿಲ್ಲ. ಏಪ್ರಿಲ್ 24ರಂದು ಮಂಡಲ ಎಂಬ ಹಳ್ಳಿಯಲ್ಲಿ ಅವರು ಡೋಲು ಬಾರಿಸುತ್ತ ಸೇರಿದರು. ಕಂಪೆನಿಯ ಆಳುಗಳು ಮರ ಕಡಿಯದೆ ಹಿಂದಿರುಗಿದರು. ಮುಂದೆ 1974ರ ಮಾರ್ಚಿನಲ್ಲಿ ರೇಣಿ ಗ್ರಾಮದಲ್ಲಿ ಗೌರಾದೇವಿಯ ಮುಂದಾಳುತನದಲ್ಲಿ ಹೆಂಗಸರು ಕಾಡನ್ನು ಕಾದದ್ದು ಜಗತ್ಪ್ರಸಿದ್ಧವಾಯಿತು. ಚಿಪ್ಕೊ ಕಾಡಿನ ಚರಿತ್ರೆಗೆ ಸೇರಿಹೋಯಿತು. ಅದು ಉಪಕರಣದ ಚರಿತ್ರೆಯೂ ಹೌದೆಂಬುದು ಮರೆಯಾಯಿತು.

ಈ ಮರೆವು ಆಕಸ್ಮಿಕವಲ್ಲ. ಖಡ್ಗಕ್ಕೆ, ಫಿರಂಗಿಗೆ, ಹಡಗಿಗೆ ನಾವು ಚರಿತ್ರೆಯನ್ನು ಬರೆದಿದ್ದೇವೆ. ಗುದ್ದಲಿ ಕುಡುಗೋಲುಗಳಿಗೆ ಚರಿತ್ರೆಯೇ ಇಲ್ಲ, ಅವು ಆದಿಕಾಲದಿಂದ ಹಾಗೆಯೇ ಇವೆ, ಯಾರೋ ಜಾಣರು ಬಂದು ಅವನ್ನು ತಿದ್ದಬೇಕಾಗಿದೆ ಎಂದು ಭಾವಿಸಿದ್ದೇವೆ. ತಿದ್ದಲು ಬಂದವರೂ ಉಂಟು. ಆದರೆ ಬೆಟ್ಟದ ರೈತನ ಕೈಯಲ್ಲಿರುವುದು ಯಾಕೆ ಹಾಗಿದೆ ಎಂದು ಮೊದಲು ಕೇಳಿದವರು ಮಾತ್ರ ಅದನ್ನು ಉತ್ತಮಪಡಿಸಿದರು. ಕೇಳದೆ ಹೊರಟವರ ನೇಗಿಲು ಮೂಲೆ ಸೇರಿತು. ಕುಮಾಊಂ ಗಢವಾಲಗಳ ಕಳೆದ ನೂರು ವರ್ಷಗಳ ಅನುಭವ ನಮಗೆ ಹೇಳುವ ಪಾಠ ಇದು.

ಬೆಟ್ಟದ ಹೊಲ ಎಂದರೆ ಒಂದು ಮೆಟ್ಟಿಲು. ಇಳಿಜಾರನ್ನು ಕಡಿದು, ಕಲ್ಲಿನ ಗೋಡೆ ಕಟ್ಟಿ, ಮಣ್ಣು ತುಂಬಿ ಮಾಡಿದ ಕಿರಿದಾದ ಪಟ್ಟಿ. ಅಂಥ ಹತ್ತಾರು ಪಟ್ಟಿಗಳು ಒಂದೇ ಸಂಸಾರದವಾಗಿದ್ದರೂ ಒಂದೆಡೆ ಇರುವುದಿಲ್ಲ. ಒಂದು ಹೊಳೆಯ ಬಳಿ, ಒಂದು ಮನೆಯ ಹಿಂದೆ, ಒಂದು ಎದುರು ಗುಡ್ಡದ ನೆತ್ತಿಯಲ್ಲಿ. ಒಂದು ಪಟ್ಟಿಯನ್ನು ಉತ್ತು ಮುಗಿಸಿದವನು ನೇಗಿಲನ್ನು ಹೆಗಲಿಗೇರಿಸಿ ಮೇಲಿನ ಪಟ್ಟಿಗೆ ಹತ್ತಬೇಕು. ಆದುದರಿಂದ ಅಲ್ಲಿಯ ನೇಗಿಲಿಗೆ ಮೊದಲನೆಯ ಲಕ್ಷಣ ಹಗುರ. ಪಟ್ಟಿಯ ಕೊನೆಯಲ್ಲಿ ಗೋಡೆ, ಆಚೆ ಪಾತಾಳ. ಎತ್ತುಗಳು ಅಷ್ಟರಲ್ಲಿಯೇ ತಿರುಗಬೇಕು. ಆದುದರಿಂದ ನೇಗಿಲು ಗಿಡ್ಡ, ಎತ್ತೂ ಗಿಡ್ಡ. ಮಣ್ಣು ತೆಳು, ಕೆಳಗೆ ಕಲ್ಲು. ಆಳವಾಗಿ ಉತ್ತರೆ ಸಾರವಿಲ್ಲದ ಅಡಿಮಣ್ಣು ಮೇಲೆ ಬರುತ್ತದೆ, ಗೋಡೆಯ ಬುಡ ಸಡಿಲುತ್ತದೆ. ಆದುದರಿಂದ ಮಣ್ಣನ್ನು ಮಗುಚದೆ ಗೀರಿ ಸಡಿಲಿಸುವುದಷ್ಟೇ ಅದರ ಕೆಲಸ. ಗುಳ ಕಲ್ಲಿಗೆ ತಾಗಿದಾಗ ಪೆಟ್ಟನ್ನು ಮರ ನುಂಗಬೇಕು. ಮುರಿದರೂ ಊರಿನ ಕೈಯಲ್ಲಿಯೇ ಮತ್ತೆ ಸರಿಯಾಗಬೇಕು. ನೋಡುವವರಿಗೆ ಒರಟಾಗಿ ಕಾಣುವ ಈ ನೇಗಿಲು ಹೀಗೆ ಹಲವು ನಿಯಮಗಳಿಗೆ ಕೊಟ್ಟ ಒಂದೇ ಉತ್ತರ.

ಇದೇ ಮಾತನ್ನು ಭೂಗೋಲದ ಇನ್ನೊಂದು ಮಗ್ಗುಲಿನ ಬೆಟ್ಟಗಳೂ ಹೇಳುತ್ತವೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ‘ಚಾಕಿತಕ್ಲಾ’ ಎಂಬ ಕಾಲುನೇಗಿಲು ಇದೆ: ಆಳುದ್ದದ ಒಂದು ಕೋಲು, ತುದಿಗೆ ಅಲಗು, ಅದರ ಮೇಲೆ ಪಾದವಿಡಲು ಒಂದು ಅಡ್ಡಪಟ್ಟಿ, ಕೈಗೆ ಬಾಗಿದ ಹಿಡಿ. ಇಂಕಾ ಅರಸರ ಕಾಲದ ಈ ಉಪಕರಣವನ್ನು ಸ್ಥಳೀಯನೇ ಆದ ಗುವಾಮನ್ ಪೋಮಾ 1615ರ ಸುಮಾರಿಗೆ ಪೂರ್ಣಗೊಳಿಸಿದ ತನ್ನ ಗ್ರಂಥದಲ್ಲಿ ಚಿತ್ರಿಸಿದ್ದಾನೆ. ಸ್ಪೇನಿನವರು ಎತ್ತನ್ನೂ ನೇಗಿಲನ್ನೂ ತಂದು ನಾನೂರು ವರ್ಷ ಮೀರಿದರೂ ಕಡಿದಾದ ಇಳಿಜಾರುಗಳಲ್ಲಿ ಕಾಲುನೇಗಿಲು ಉಳಿಯಿತು. ಎತ್ತು ನಿಲ್ಲಲಾರದ ಕಡೆ ಮನುಷ್ಯ ನಿಲ್ಲಬಲ್ಲ. ಹೆಂಟೆಯನ್ನು ಇಡಿಯಾಗಿ ಎಬ್ಬಿಸಿ ಮಗುಚಿದರೆ ಮಣ್ಣು ಮಳೆಗೆ ಕೊಚ್ಚಿಹೋಗುವುದೂ ಕಡಮೆ. ಹಳೆಯದು ಉಳಿದದ್ದು ಜನ ಮೂಢರೆಂದಲ್ಲ. ಅದಕ್ಕಿಂತ ಆ ನೆಲಕ್ಕೊಪ್ಪುವ ಬೇರೊಂದು ಬರಲಿಲ್ಲವೆಂದು.

ಈಗ ನಮ್ಮ ದೇಶಕ್ಕೆ ಮರಳೋಣ. ಇಲ್ಲಿ ಉಪಕರಣ ಸುಧಾರಣೆಯ ಮಾತು ಹುಟ್ಟಿದ್ದು ಬಯಲಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಅಧಿಕಾರಿಗಳಿಗೆ ವಿಲಾಯಿತಿಯ ಕಬ್ಬಿಣದ ನೇಗಿಲು ಪ್ರಗತಿಯ ಲಾಂಛನವಾಗಿತ್ತು. ಅವರ ನಡುವೆ ಬೇರೆ ಮಾತಾಡಿದ ಒಬ್ಬನ ಹೆಸರನ್ನು ನೆನೆಯಬೇಕು. ಜಾನ್ ಆಗಸ್ಟಸ್ ವೋಲ್ಕರ್ ಎಂಬ ಕೃಷಿ ರಸಾಯನಶಾಸ್ತ್ರಜ್ಞನನ್ನು ಸರ್ಕಾರ 1889ರಲ್ಲಿ ಇಂಗ್ಲೆಂಡಿನಿಂದ ಕರೆಸಿತು. ದೇಶವನ್ನೆಲ್ಲ ಸುತ್ತಿದ ಆತನ ವರದಿ 1893ರಲ್ಲಿ ಪ್ರಕಟವಾಯಿತು. ಭಾರತದ ರೈತನ ಉಪಕರಣಗಳು ಅವನ ಸ್ಥಿತಿಗತಿಗೆ ಒಪ್ಪುವಂಥವು, ಅವನ್ನು ಬದಲಿಸಲು ಬಹಳ ಅವಕಾಶವಿಲ್ಲ ಎಂದು ಆತ ಕಂಡುಕೊಂಡ. ಹೊಸ ನೇಗಿಲು ಅಗ್ಗವಾಗಿರಬೇಕು, ಹಗುರವಾಗಿರಬೇಕು, ಹಳ್ಳಿಯಲ್ಲಿಯೇ ದುರಸ್ತಿಯಾಗಬೇಕು ಎಂಬುದು ಆತನ ವಿಚಾರದ ಸಾರ. ಆ ವರದಿಯನ್ನು ಎಲ್ಲರೂ ಹೊಗಳಿದರು. ಈ ಭಾಗವನ್ನು ಅನುಸರಿಸಿದವರು ಹೆಚ್ಚಲ್ಲ.

ಬಯಲಿನಲ್ಲಿ ಕಬ್ಬಿಣದ ನೇಗಿಲು ಗೆದ್ದದ್ದೂ ಉಂಟು. ಆ ಗೆಲವಿನ ಮೊದಲ ಅಧ್ಯಾಯ ನಮ್ಮ ಬೆಳಗಾವಿಯದು. ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೇವು ಕತ್ತರಿಸುವ ಯಂತ್ರವನ್ನೂ 1903ರಲ್ಲಿ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ಸೋಂಕಿದರೆ ನೆಲಕ್ಕೆ ವಿಷವೇರುತ್ತದೆಂದು ಜನ ಹೆದರಿದರೆಂದೂ, ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದೂ ಹೇಳುತ್ತಾರೆ. ಆದರೆ ಕಪ್ಪು ಮಣ್ಣಿನ ಆಳಕ್ಕೆ ಬೇರು ಬಿಟ್ಟ ಕಳೆಯನ್ನು ಕೀಳಲು ಆ ನೇಗಿಲು ತಕ್ಕುದಾಗಿದ್ದುದರಿಂದ ಕೊನೆಗೆ ಅದು ನಿಂತಿತು. ಅತ್ತ ಗಂಗಾ ಬಯಲಿನಲ್ಲಿ 1910ರಲ್ಲಿ ಸ್ಥಾಪಿತವಾದ ಅಲಹಾಬಾದ್ ಕೃಷಿ ಸಂಸ್ಥೆಗೆ 1920ರ ದಶಕದಲ್ಲಿ ಮೇಸನ್ ವಾ ಎಂಬ ಅಮೆರಿಕದ ಎಂಜಿನಿಯರು ಬಂದು, ಸ್ಥಳೀಯ ಎತ್ತಿನ ಬಲಕ್ಕೆ ಹೊಂದುವ ನೇಗಿಲುಗಳನ್ನು ರೂಪಿಸಿದರು. ಒಂದಕ್ಕೆ ‘ಶಾಬಾಷ್’ ಎಂಬ ಹೆಸರೇ ಇತ್ತು. ಕೃಷಿ ಎಂಜಿನಿಯರಿಂಗಿನ ಪದವಿ ಶಿಕ್ಷಣ ಏಷ್ಯದಲ್ಲಿಯೇ ಮೊದಲು ಆರಂಭವಾದದ್ದು ಆ ಸಂಸ್ಥೆಯಲ್ಲಿ, 1942ರಲ್ಲಿ.

ಇವೆಲ್ಲ ಬಯಲಿನ ವಿಜಯಗಳು. ಆ ನೇಗಿಲುಗಳನ್ನು ಹಾಗೆಯೇ ಬೆಟ್ಟಕ್ಕೆ ಸಾಗಿಸಿದರೆ ಗುಣವೆಲ್ಲ ದೋಷವಾಗುತ್ತದೆ. ಆಳದ ಉಳುಮೆ ಗೋಡೆಗೆ ಕಂಟಕ, ಭಾರ ಹೆಗಲಿಗೆ ಕಂಟಕ, ಎರಕದ ಭಾಗ ಒಡೆದರೆ ಎರಡು ದಿನದ ದಾರಿ. ಬೆಟ್ಟಕ್ಕೆ ಬೆಟ್ಟದ್ದೇ ಆದ ವಿಚಾರ ಬೇಕಾಗಿತ್ತು.

ಅಂಥ ವಿಚಾರಕ್ಕೆ ಒಂದು ನೆಲೆ ದೊರೆತದ್ದು ಅಲ್ಮೋಡದಲ್ಲಿ. ಜಗದೀಶಚಂದ್ರ ಬೋಸರ ಶಿಷ್ಯರಾದ ಬೋಶಿ ಸೇನರು 1924ರಲ್ಲಿ ಕಲ್ಕತ್ತೆಯ ಪುಟ್ಟ ಮನೆಯೊಂದರ ಅಡುಗೆಕೋಣೆಯಲ್ಲಿ ‘ವಿವೇಕಾನಂದ ಪ್ರಯೋಗಾಲಯ’ವನ್ನು ಆರಂಭಿಸಿದರು, 1936ರಲ್ಲಿ ಅದನ್ನು ಅಲ್ಮೋಡದಲ್ಲಿ ನೆಲೆಗೊಳಿಸಿದರು. ಅವರ ಪತ್ನಿ ಗರ್ಟ್ರೂಡ್ ಎಮರ್ಸನ್ ಅಮೆರಿಕದ ಲೇಖಕಿ. ಭಾರತದ ಹಳ್ಳಿಯೊಂದರಲ್ಲಿ ನೆಲಸಿ ಗ್ರಾಮಜೀವನದ ಬಗ್ಗೆ ಪುಸ್ತಕ ಬರೆದವರು. ಸಸ್ಯಕೋಶದ ಸೂಕ್ಷ್ಮಗಳನ್ನು ಶೋಧಿಸುತ್ತಿದ್ದ ಸೇನರು ಕ್ರಮೇಣ ಬೆಟ್ಟದ ರೈತನ ಬೀಜದ ಕಡೆಗೆ, ಮುಖ್ಯವಾಗಿ ಮುಸುಕಿನ ಜೋಳದ ಕಡೆಗೆ ತಿರುಗಿದರು. 1971ರಲ್ಲಿ ಅವರು ತೀರಿಕೊಂಡರು. 1974ರಲ್ಲಿ ಪ್ರಯೋಗಾಲಯವು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಸೇರಿ, ಪರ್ವತ ಕೃಷಿಯ ಸಂಶೋಧನ ಸಂಸ್ಥೆಯಾಯಿತು. ಮಂಡಲದ ಜನ ನೊಗದ ಮರಕ್ಕಾಗಿ ಡೋಲು ಬಾರಿಸಿದ ಮರುವರ್ಷವೇ ಇದಾದದ್ದು ಕಾಕತಾಳೀಯ. ಆದರೂ ಕಾರ್ಯಾಗಾರದ ಪ್ರಶ್ನೆಯೂ ಪ್ರಯೋಗಾಲಯದ ಪ್ರಶ್ನೆಯೂ ಕಡೆಗೆ ಒಂದೆಡೆ ಸೇರಬೇಕಾಗಿದ್ದವು.

ಸೇರುವ ಮೊದಲು ಇನ್ನೊಂದು ಪ್ರಶ್ನೆಯನ್ನು ಎದುರಿಸಬೇಕಾಗಿತ್ತು. ಈ ಉಪಕರಣ ಯಾರ ಕೈಯಲ್ಲಿರುತ್ತದೆ? ‘ರೈತ’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನೇಗಿಲು ಹಿಡಿದ ಗಂಡಸಿನ ಚಿತ್ರ. ಹಿಮಾಲಯದ ಬೆಟ್ಟಗಳಲ್ಲಿ ಆ ಚಿತ್ರ ವರ್ಷದ ಕೆಲವೇ ದಿನಗಳಿಗೆ ನಿಜ. ಒಂದು ಹೆಕ್ಟೇರಿನ ಬೇಸಾಯದಲ್ಲಿ ವರ್ಷಕ್ಕೆ ಒಂದು ಜೊತೆ ಎತ್ತು 1064 ಗಂಟೆ, ಗಂಡಸು 1212 ಗಂಟೆ, ಹೆಂಗಸು 3485 ಗಂಟೆ ದುಡಿಯುತ್ತಾರೆಂಬ ಲೆಕ್ಕವನ್ನು ವಂದನಾ ಶಿವಾ 1991ರ ತಮ್ಮ ವರದಿಯೊಂದರಲ್ಲಿ ಎತ್ತಿಕೊಟ್ಟರು. ಎತ್ತಿನ ಜೋಡಿಯ ದುಡಿಮೆಗೆ ಗಂಡಸಿನ ದುಡಿಮೆಯನ್ನು ಕೂಡಿಸಿದರೂ ಅದು ಅವಳದನ್ನು ಮುಟ್ಟುವುದಿಲ್ಲ. ಗೊಬ್ಬರ ಹೊರುವವಳು ಅವಳು. ಹೆಂಟೆ ಒಡೆಯುವವಳು, ಕಳೆ ತೆಗೆಯುವವಳು, ಕೊಯ್ಯುವವಳು, ಬಡಿಯುವವಳು, ಕುಟ್ಟುವವಳು ಅವಳು.

ಅವಳು ಮುಟ್ಟಬಾರದ ಉಪಕರಣ ಒಂದೇ, ಅದು ನೇಗಿಲು. ಹೆಂಗಸು ನೇಗಿಲು ಹಿಡಿದರೆ ಅಮಂಗಳವೆಂಬುದು ಅಲ್ಲಿಯ ರೂಢಿ. ಈ ನಿಷೇಧ ಹೆಂಗಸಿಗೆ ಮಾತ್ರ ಇದ್ದದ್ದಲ್ಲ. ಕುಮಾಊಂನ ಕುಲೀನ ಬ್ರಾಹ್ಮಣರೂ ನೇಗಿಲು ಮುಟ್ಟುತ್ತಿರಲಿಲ್ಲ. ಕೆಳಜಾತಿಯ ಆಳುಗಳಿಂದ ಉಳಿಸುತ್ತಿದ್ದರು. 1928ರಲ್ಲಿ ಹರಗೋವಿಂದ ಪಂತರು ಬಾಗೇಶ್ವರದಲ್ಲಿ ತಾವೇ ನೇಗಿಲು ಹಿಡಿದು ಆ ಕಟ್ಟನ್ನು ಮುರಿದರು. ಪುರುಷನ ಪಾಲಿಗೆ ಮುರಿದ ಕಟ್ಟು ಸ್ತ್ರೀಯ ಪಾಲಿಗೆ ಹಾಗೆಯೇ ಉಳಿಯಿತು. ಇತ್ತ ಗಂಡಸರು ಸೇನೆಗೆ, ದೆಹಲಿಗೆ, ಬಯಲಿನ ಹೋಟೆಲುಗಳಿಗೆ ಹೊರಟುಹೋಗಿ ಮನಿಯಾರ್ಡರು ಕಳಿಸುವವರಾದರು. ಅಲ್ಮೋಡ ಮತ್ತು ಪೌಡಿ ಜಿಲ್ಲೆಗಳ ಜನಸಂಖ್ಯೆ 2001ರಿಂದ 2011ರ ನಡುವೆ ಏರಲಿಲ್ಲ, ಇಳಿಯಿತು. ಹೊಲವಿದೆ, ಬೀಜವಿದೆ, ದುಡಿಯುವ ಹೆಂಗಸಿದ್ದಾಳೆ. ಉಳುವ ದಿನ ಮಾತ್ರ ಊರಿನಲ್ಲಿ ಉಳಿದ ಒಬ್ಬಿಬ್ಬರು ಗಂಡಸರ ಬಾಗಿಲಲ್ಲಿ ಅವಳು ಕಾಯಬೇಕು. ಬಿತ್ತನೆಯ ಹದ ಕಾಯುವುದಿಲ್ಲ. ಯಾವ ಎಂಜಿನಿಯರೂ ಕೋಷ್ಟಕದಲ್ಲಿ ಬರೆಯದ ಅಳತೆ ಇದು.

ಹೀಗೆ ಹೆಂಗಸಿನ ಕೈಗೇ ಬಿದ್ದ ಸಣ್ಣ ಉಪಕರಣಗಳನ್ನು ಮಾತ್ರ ಬಹಳ ಕಾಲ ಯಾರೂ ಗಮನಿಸಲಿಲ್ಲ. ಭೋಪಾಲದಲ್ಲಿ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಹುಟ್ಟಿದ್ದು 1976ರಲ್ಲಿ. ದುಡಿಯುವವರ ದೇಹವನ್ನೇ ಅಳೆದು ಉಪಕರಣವನ್ನು ಅದಕ್ಕೆ ಹೊಂದಿಸುವ ಅಖಿಲ ಭಾರತ ಯೋಜನೆ ಮೊದಲಾದದ್ದು, ಕೃಷಿಯಲ್ಲಿ ಮಹಿಳೆಯರಿಗಾಗಿಯೇ ಒಂದು ಸಂಶೋಧನ ಕೇಂದ್ರ ಭುವನೇಶ್ವರದಲ್ಲಿ ತೆರೆದದ್ದು 1996ರಲ್ಲಿ. ಎತ್ತರ, ತೋಳಿನ ಉದ್ದ, ಅಂಗೈಯ ಅಗಲ, ಹಿಡಿತದ ಬಲ ಎಲ್ಲವನ್ನೂ ಪ್ರಾಂತ್ಯ ಪ್ರಾಂತ್ಯಗಳಲ್ಲಿ ಅಳೆದರು. ಗಂಡಸಿನ ಅಳತೆಗೆ ಮಾಡಿದ ಕಾವು ಹೆಂಗಸಿನ ಅಂಗೈಗೆ ದಪ್ಪ, ಗಂಡಸಿನ ತೂಕಕ್ಕೆ ಮಾಡಿದ ಗುದ್ದಲಿ ಅವಳ ತೋಳಿಗೆ ಭಾರ ಎಂಬುದು ಹೊಲದಲ್ಲಿ ದುಡಿದವಳಿಗೆ ಹೊಸ ಸುದ್ದಿಯೇನಲ್ಲ. ಅದು ಕಾಗದದ ಮೇಲೆ ಅಂಕಿಯಾಗಿ ಬಂದದ್ದು ಹೊಸದು.

ಎರಡು ಉದಾಹರಣೆಗಳನ್ನು ನೋಡಬಹುದು. ಮೊದಲನೆಯದು ಮುಸುಕಿನ ಜೋಳದ ಕಾಳು ಬಿಡಿಸುವುದು. ಒಣಗಿದ ತೆನೆಯಿಂದ ಹೆಬ್ಬೆರಳಿನಿಂದ ಕಾಳು ಕೀಳಬೇಕು. ಸಂಜೆಯ ವೇಳೆಗೆ ಬೆರಳು ಸುಲಿಯುತ್ತದೆ. ಇಲ್ಲವೆ ಕೋಲಿನಿಂದ ಬಡಿಯಬೇಕು. ಕಾಳು ಒಡೆದು ಬೀಜಕ್ಕೆ ಬಾರದಂತಾಗುತ್ತದೆ. ಇದಕ್ಕೆ ಮಾಡಿದ ಸಾಧನ ಅಂಗೈಯಲ್ಲಿ ಹಿಡಿಯುವ ಒಂದು ಲೋಹದ ಕೊಳವೆ, ಒಳಗೆ ನಾಲ್ಕು ಏಣುಗಳು. ತೆನೆಯನ್ನು ತೂರಿಸಿ ತಿರುಚಿದರೆ ಕಾಳು ಉದುರುತ್ತದೆ. ಎಣ್ಣೆ ಬೇಡ, ವಿದ್ಯುತ್ತು ಬೇಡ, ಕೆಡುವ ಭಾಗ ಯಾವುದೂ ಇಲ್ಲ. ಚಿಕ್ಕ ಸಾಧನ ನಿಜ. ಆದರೆ ಸುಲಿಯುವ ಬೆರಳು ಯಾರದೆಂದು ಕೇಳಿದವರಿಗೆ ಮಾತ್ರ ಅದು ಹೊಳೆಯಬಲ್ಲದು.

ಎರಡನೆಯದು ಕುಡುಗೋಲು. ಊರಿನ ಕಮ್ಮಾರ ಬಡಿದ ನುಣುಪು ಬಾಯಿಯ ಕುಡುಗೋಲು ಬೇಗ ಮೊಂಡಾಗುತ್ತದೆ, ಬೀಸಿ ಕೊಯ್ಯಲು ಬಲ ಬೇಕು. ಹಲ್ಲು ಕಡಿದ ಕುಡುಗೋಲು ಎಳೆದರೆ ಗರಗಸದಂತೆ ಕೊಯ್ಯುತ್ತದೆ. ಹಗುರ, ಮಣಿಕಟ್ಟಿಗೆ ಸುಲಭ. ಆದರೆ ಅದರ ಹಲ್ಲು ಸವೆದ ದಿನ? ನುಣುಪು ಬಾಯಿಯನ್ನು ಮನೆಯ ಮುಂದಿನ ಕಲ್ಲಿನ ಮೇಲೆಯೇ ಮಸೆದುಕೊಳ್ಳಬಹುದು, ಊರಿನ ಕುಲುಮೆಯಲ್ಲಿ ಹದಗೊಳಿಸಬಹುದು. ಹಲ್ಲನ್ನು ಮತ್ತೆ ಕಡಿಯುವುದು ಅಷ್ಟು ಸುಲಭವಲ್ಲ. ಪೇಟೆಯಿಂದ ಹೊಸದನ್ನೇ ತರಬೇಕಾಗುತ್ತದೆ. ಸುಗ್ಗಿಯಲ್ಲಿ ಧಾನ್ಯದ ಪಾಲು ಪಡೆದು ವರ್ಷವಿಡೀ ಊರಿನ ಕಬ್ಬಿಣವನ್ನು ಕಾಯುತ್ತಿದ್ದ ಕಮ್ಮಾರ ನಮ್ಮ ಆಯಗಾರರಂತೆ ಅಲ್ಲಿಯೂ ಇದ್ದ. ಅವನೂ ಈಗ ಬೆಟ್ಟ ಇಳಿಯುತ್ತಿದ್ದಾನೆ. ಒಂದು ಕೈಯ ನೋವನ್ನು ಕಳೆಯುವ ಉಪಕರಣ ಇನ್ನೊಂದು ಕೈಯ ಕೆಲಸವನ್ನು ಕಳೆಯಬಹುದು. ಹಾಗೆಂದು ನೋವು ಇರಲೆನ್ನಲು ನಾವು ಯಾರು? ಎರಡನ್ನೂ ತೂಗಿ ನೋಡಬೇಕು ಎಂಬುದಷ್ಟೇ ಇಲ್ಲಿ ಹೇಳಬಹುದಾದ ಮಾತು.

ಅಲ್ಮೋಡದ ಸಂಸ್ಥೆ ರೂಪಿಸಿದ ಉಪಕರಣಗಳಲ್ಲಿ ಈ ತೂಕವನ್ನು ಕಾಣುವ ಯತ್ನವಿದೆ. ಅಲ್ಲಿಯ ಜನ ಮಂಡುವಾ ಎಂದು ಕರೆಯುವುದು ನಮ್ಮ ರಾಗಿಯನ್ನೇ. ಮಂಡುವಾ ಮತ್ತು ಊದಲು ಬೆಟ್ಟದ ಬಡವರ ಅನ್ನ. ತೆನೆ ಬಡಿದು, ಒರಳಿನಲ್ಲಿ ಕುಟ್ಟಿ ಹೊಟ್ಟು ಬಿಡಿಸುವುದು ಹೆಂಗಸರ ಪಾಲಿಗೆ ದಿನಗಟ್ಟಲೆ ದುಡಿಮೆ. ಅದಕ್ಕಾಗಿ ಸಂಸ್ಥೆ ಒಂದು ಸಣ್ಣ ಒಕ್ಕಣೆ ಯಂತ್ರವನ್ನು ರೂಪಿಸಿತು. ಹೆಂಗಸರ ಕೈಗೆ ಹೊಂದುವ ಕಳೆಗುದ್ದಲಿ, ಕುಡುಗೋಲು ಮೊದಲಾದವುಗಳ ಒಂದು ಕಟ್ಟನ್ನೂ ತಯಾರಿಸಿತು.

ನಮ್ಮ ಮೊದಲ ಪ್ರಶ್ನೆಗೆ, ಮರದ ಪ್ರಶ್ನೆಗೆ, ಅಲ್ಲಿಂದ ಬಂದ ಉತ್ತರದ ಹೆಸರು ‘ಸ್ಯಾಹಿ ಹಲ’. ಅಲ್ಮೋಡದ ಬಳಿಯ ಸ್ಯಾಹಿದೇವಿ ಬೆಟ್ಟದ ಹೆಸರು ಹೊತ್ತ ಈ ನೇಗಿಲು ಊರವರ ಸಹಕಾರದಿಂದ ರೂಪುಗೊಂಡದ್ದು. ಮರದ ನೇಗಿಲಿಗೆ ಅಲ್ಲಿ ಬಾಂಜ್ ಎಂಬ ಓಕ್ ಮರಗಳನ್ನು ಕಡಿಯುತ್ತಿದ್ದರು. ಮೇವು, ಸೌದೆ, ಎಲೆಗೊಬ್ಬರ ಎಲ್ಲವೂ ಬಾಂಜಿನಿಂದ. ಬೆಟ್ಟದ ಒರತೆಗಳನ್ನು ಕಾಯುವುದೂ ಅದೇ ಎಂದು ಜನ ನಂಬುತ್ತಾರೆ. ಬ್ರಿಟಿಷರ ಕಾಲದಿಂದ ಅರಣ್ಯ ಇಲಾಖೆ ಅಂಟಿಗೂ ರೈಲುಹಳಿಯ ದಿಮ್ಮಿಗೂ ಒದಗುವ ಚೀಡ್ ಎಂಬ ಪೈನ್ ಮರವನ್ನು ಓಲೈಸಿದ್ದರಿಂದ ಬಾಂಜ್ ಮೊದಲೇ ಹಿಮ್ಮೆಟ್ಟಿತ್ತು. ಹೀಗಿರುವಾಗ ಮನೆಮನೆಯ ನೇಗಿಲಿಗೂ ಅದನ್ನೇ ಕಡಿದರೆ ಉಳಿಯುವುದೇನು? ಕಬ್ಬಿಣದ ಸ್ಯಾಹಿ ಹಲ ಹಳೆಯ ನೇಗಿಲಿನ ಆಕಾರವನ್ನೂ ನಡೆಯನ್ನೂ ಬಿಡದೆ, ಅದರ ಮರವನ್ನು ಮಾತ್ರ ಬಿಟ್ಟಿತು. ಹಗುರ, ಗಿಡ್ಡ, ಮಣ್ಣನ್ನು ಮಗುಚದ ಗುಣ ಎಲ್ಲವನ್ನೂ ಹಳೆಯದರಿಂದ ಕಲಿತು, ಹಳೆಯದರ ಒಂದು ದೋಷವನ್ನಷ್ಟೇ ತಿದ್ದಿತು. ಉತ್ತಮ ವಿನ್ಯಾಸಕ್ಕೆ ಇದಕ್ಕಿಂತ ಸೌಮ್ಯವಾದ ಲಕ್ಷಣವನ್ನು ನಾನು ಕಾಣೆ.

1973ರಲ್ಲಿ ಜನ ನೇಗಿಲಿಗಾಗಿ ಮರ ಕೇಳಿದರು. ಅವರ ಮಕ್ಕಳು ಮೊಮ್ಮಕ್ಕಳು ಮರಕ್ಕಾಗಿ ನೇಗಿಲನ್ನೇ ಬದಲಿಸಿಕೊಂಡರು. ಮೇಲುನೋಟಕ್ಕೆ ಇದು ತಿರುವುಮುರುವು. ಒಳಗೆ ಎರಡೂ ಒಂದೇ. ಕಾಡು ಯಾರದು, ಉಪಕರಣ ಯಾರದು ಎಂಬುದನ್ನು ಅಲ್ಲಿ ಬಾಳುವವರನ್ನು ಕೇಳಿಯೇ ತೀರ್ಮಾನಿಸಬೇಕೆಂಬುದು ಎರಡು ಸಂದರ್ಭಗಳ ಹುರುಳು.

ಕೇಳುವುದು ಇನ್ನೂ ಪೂರ್ತಿಯಾಗಿಲ್ಲ. ನೇಗಿಲು ಕಬ್ಬಿಣದ್ದಾಯಿತು; ಅದನ್ನು ಹಿಡಿಯುವ ಹಕ್ಕು ಹೆಂಗಸಿನದಾಯಿತೆಂದು ಇಡೀ ಬೆಟ್ಟದ ಬಗ್ಗೆ ಹೇಳುವಂತಿಲ್ಲ. ನೇಗಿಲ ಭಾರವನ್ನು ಎಂಜಿನಿಯರು ಇಳಿಸಬಲ್ಲ. ರೂಢಿಯ ಭಾರವನ್ನು ಊರೇ ಇಳಿಸಬೇಕು. ವರ್ಷಕ್ಕೆ 3485 ಗಂಟೆ ಮಣ್ಣಿನಲ್ಲಿ ದುಡಿದ ಕೈಗೆ ಉಳಿದ ಕೆಲವು ಗಂಟೆಗಳ ಉಳುಮೆ ನಿಷಿದ್ಧವಾಗಿರುವವರೆಗೆ, ಎಷ್ಟೇ ಹಗುರಾದ ನೇಗಿಲೂ ಅವಳಿಗೆ ಭಾರವಾಗಿಯೇ ಇರುತ್ತದೆ.